ಕಾಣೆ ಎಂಬ ಮೀನು

ಮೈಸೂರಿನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬಾತ ಮೇಕೆಗಳನ್ನು ಹೊಡೆದುಕೊಂಡು ಹೋಗುತ್ತಾನೆ. ಅವುಗಳಲ್ಲಿ ಒಂದು ಮರಿಯ ಕೊರಳಿಗೆ ಗೆಜ್ಜೆ ಕಟ್ಟಿದ್ದಾನೆ. ಒಂದೇ ಒಂದು ಗೆಜ್ಜೆ, ಅದೂ ಒಡೆದದ್ದಿರಬೇಕು, ಘಲ್ ಎನ್ನುವುದಿಲ್ಲ, ಏನನ್ನೋ ಕೆರೆದ ಹಾಗೆ ಸಣ್ಣಗೆ ಸದ್ದು ಮಾಡುತ್ತದೆ. ಅದು ಕಿವಿಗೆ ಬಿದ್ದ ಕೂಡಲೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕತ್ತೆತ್ತುತ್ತೇನೆ. ಎದುರಿಗಿರುವುದು ಪಕ್ಕದ ಮನೆಯ ಕಾಂಪೌಂಡು, ಅದರ ಮೇಲೆ ಒಣಹಾಕಿದ ಕಾಲೊರಸು. ಆದರೆ ನನ್ನ ಕಣ್ಣು ಹುಡುಕುವುದು ನೀರನ್ನು. ಇಷ್ಟು ವರ್ಷವಾದರೂ ಈ ಹಾಳು ಅಭ್ಯಾಸ ಬಿಟ್ಟುಹೋಗಿಲ್ಲ. ಗೆಜ್ಜೆ ಸದ್ದಾಯಿತೆಂದರೆ ಮೀನು ಕಚ್ಚಿತು, ಮೀನು ಕಚ್ಚಿತೆಂದರೆ ಅಪ್ಪನನ್ನು ಕೂಗಬೇಕು. ನನ್ನ ಬಾಲ್ಯದಲ್ಲಿ ನನಗೆ ವಹಿಸಿದ್ದ ಕೆಲಸ ಅದೊಂದೇ.

ಮೀನು ಕಚ್ಚಿದಾಗ ಕೂಗುತ್ತಿದ್ದ ಆ ಗೆಜ್ಜೆ ನನ್ನದೇ ಆಗಿತ್ತು. 2001ರ ಬೇಸಿಗೆಯಲ್ಲಿ ನಾವು ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ಗೆ ಹೋದಾಗ ನನಗೆ ನಾಲ್ಕು ವರ್ಷ, ಕಾಲಲ್ಲಿ ಅಜ್ಜಿ ಮಾಡಿಸಿಕೊಟ್ಟ ಬೆಳ್ಳಿಯ ಕಾಲ್ಗೆಜ್ಜೆ. ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ನಾನು ಓಡಾಡಿದಾಗಲೆಲ್ಲ ಕೆಳಗಿನ ಮನೆಯ ಹೆಂಗಸು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದಳು. ವಾರದೊಳಗೆ ಅಮ್ಮ ಗೆಜ್ಜೆ ಬಿಚ್ಚಿ ಡಬ್ಬಿಯಲ್ಲಿಟ್ಟಳು. ಅಪ್ಪ ಅದರಿಂದ ಒಂದನ್ನು ಕಿತ್ತು, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಪೋಣಿಸಿ, ಗಾಳದ ಕೋಲಿನ ತುದಿಗೆ ಸಿಕ್ಕಿಸಿದ. ಮೀನು ದಾರ ಎಳೆದರೆ ಕೋಲಿನ ತುದಿ ಅದುರುತ್ತದೆ, ಗೆಜ್ಜೆ ಕೂಗುತ್ತದೆ. ಅಂಗಡಿಯಲ್ಲಿ ಇದಕ್ಕೆಂದೇ ಗಂಟೆ ಸಿಗುತ್ತದೆ ಎಂದು ಅಮ್ಮ ಹೇಳಿದರೆ, ‘ಅದಕ್ಕೆ ನಮ್ಮ ಮನೆ ಸದ್ದು ಗೊತ್ತಿಲ್ಲ ಮಾರಾಯ್ತಿ’ ಎಂದಿದ್ದನಂತೆ.

ಅಪ್ಪ ಕುಂದಾಪುರದ ಕಡೆಯವನು, ಅಮ್ಮನೂ ಅದೇ ಕಡಲ ಬದಿಯವಳು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಇಬ್ಬರ ಮಾತೂ ಸಪಾಟಾಗಿ ಬೆಂಗಳೂರಿನದಾಗಿತ್ತು. ಮೀನು ಕಂಡಾಗ ಮಾತ್ರ ಅಪ್ಪನ ಬಾಯಲ್ಲಿ ಊರು ಹೊರಗೆ ಬರುತ್ತಿತ್ತು. ಏಪೆಕ್ಸ್‌ನಿಂದ ಕಡಲಿಗೆ ಎರಡೂವರೆ ಗಂಟೆ ದಾರಿ. ತಿಂಗಳಿಗೊಮ್ಮೆಯಾದರೂ ಶನಿವಾರ ಕತ್ತಲಿರುವಾಗಲೇ ಎದ್ದು, ಹಳೆಯ ಕರೋಲಾದ ಕಿಟಕಿಯಿಂದ ಗಾಳದ ಕೋಲುಗಳನ್ನು ಹೊರಗೆ ಚಾಚಿಕೊಂಡು ನಾವು ಹೊರಡುತ್ತಿದ್ದೆವು. ನಿಜ ಹೇಳಬೇಕೆಂದರೆ ನನಗೆ ಅದು ಅಷ್ಟೇನೂ ಹಿಡಿಸುತ್ತಿರಲಿಲ್ಲ. ಗೆಳತಿಯರೆಲ್ಲ ಶನಿವಾರ ಕಾರ್ಟೂನ್ ನೋಡುತ್ತಿದ್ದರೆ ನಾನು ಗಾಳಕ್ಕೆ ಸಿಕ್ಕಿಸುವ ಹಸಿ ಸಿಗಡಿಯ ವಾಸನೆಯ ಕೈಯಲ್ಲಿ ಚಪಾತಿ ರೋಲ್ ತಿನ್ನುತ್ತಿದ್ದೆ. ಹೆಚ್ಚಾಗಿ ಸಿಗುತ್ತಿದ್ದದ್ದು ಅಂಗೈಯಷ್ಟಗಲದ ಬೆಳ್ಳನೆಯ ಪರ್ಚ್ ಮೀನು, ಮುಳ್ಳೇ ಜಾಸ್ತಿ. ಅಪ್ಪ ಕಾಯುತ್ತಿದ್ದದ್ದು ಬೇರೆಯದಕ್ಕೆ. ಅಲ್ಲಿಯವರು ಸೀ ಮಲೆಟ್ ಎನ್ನುವ ಒಂದು ಮೀನಿದೆ. ಉದ್ದ ಮೈ, ಚೂಪು ಮೂತಿ, ಮರಳಿನ ಬಣ್ಣ. ಮೊದಲ ಸಲ ಅದು ಗಾಳಕ್ಕೆ ಬಂದಾಗ ಅಪ್ಪ ಮರಳಲ್ಲೇ ಕುಕ್ಕರಿಸಿ ಕೂತು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಅಮ್ಮನ ಕಡೆ ಎತ್ತಿ ಹಿಡಿದು ಕೂಗಿದ: ‘ಕಾಣ್, ಕಾಣೆ!’ ಕಾಣ್ ಎಂದರೆ ಅವನ ಊರಿನ ಮಾತಲ್ಲಿ ನೋಡು.

ಊರಲ್ಲಿ ನೆಂಟರು ಬಂದ ದಿನ ರವೆಯಲ್ಲಿ ಹೊರಳಿಸಿ ಹುರಿಯುವ ಕಾಣೆ ಮೀನೇ ಬೇರೆ, ಇದೇ ಬೇರೆ ಎಂದು ಅಮ್ಮ ವಾದಿಸಿದಳು. ಆದರೆ ಆ ಸಂಜೆ ಹೊಗೆಯ ಅಲಾರಂನ ಬ್ಯಾಟರಿ ತೆಗೆದಿಟ್ಟು, ಬಾಲ್ಕನಿಯ ಬಾಗಿಲು ತೆರೆದು, ಆರು ಕಾಣೆ ಹುರಿದು ಮುಗಿಸುವಷ್ಟರಲ್ಲಿ ಅವಳೂ ಸೋತಿದ್ದಳು. ಅವತ್ತಿನಿಂದ ಅದು ನಮ್ಮ ಮನೆಯಲ್ಲಿ ಕಾಣೆಯೇ. ನನಗೋ ಇದು ದೊಡ್ಡ ತಮಾಷೆ. ಯಾಕೆಂದರೆ ನನಗೆ ಆ ಮಾತು ಬೇರೆ ಕಡೆಯಿಂದ ಗೊತ್ತಿತ್ತು. ನಾನು ಕೂಸಾಗಿದ್ದಾಗಿನಿಂದ ಅಪ್ಪ ಮುಖಕ್ಕೆ ಟವೆಲ್ ಮುಚ್ಚಿಕೊಂಡು ‘ಅಪ್ಪ ಕಾಣೆ!’ ಎನ್ನುತ್ತಿದ್ದ, ಟವೆಲ್ ತೆಗೆದು ‘ಅಪ್ಪ ಸಿಕ್ಕಿದ!’ ಎನ್ನುತ್ತಿದ್ದ. ಸೋಫಾದ ಹಿಂದೆ ಅಡಗಿದರೂ ಅದೇ, ಕಾಲುಚೀಲ ಕಳೆದರೂ ಅದೇ. ‘ಸೋ ದ ಫಿಶ್ ಇಸ್ ಕಾಲ್ಡ್ ಮಿಸ್ಸಿಂಗ್?’ ಎಂದು ಮುಂದಿನ ಸಲ ಬೀಚಿನಲ್ಲಿ ನಾನು ಕೇಳಿದ್ದಕ್ಕೆ ಅಪ್ಪ ಬಿದ್ದು ಬಿದ್ದು ನಕ್ಕಿದ್ದ. ಆಮೇಲೆ ಬೆರಳೆತ್ತಿ, ‘ಬೀಚಲ್ಲಿ ಕನ್ನಡ. ಇಂಗ್ಲಿಷ್ ಕಾರಲ್ಲೇ ಇಟ್ಟು ಬರ್ಬೇಕು’ ಎಂದ. ಅದು ಅವನ ನಿಯಮ. ಕಾರಿನ ಬಾಗಿಲು ಹಾಕುವಾಗ ನಾನು ಇಂಗ್ಲಿಷನ್ನು ಸೀಟಿನ ಮೇಲೆ ಇಟ್ಟ ಹಾಗೆ ಅಭಿನಯಿಸಬೇಕು, ಅವನು ಬೀಗ ಹಾಕಬೇಕು. ಒಂಬತ್ತು ತುಂಬಿದ ಮೇಲೆ ನನಗೆ ಇದು ನಾಚಿಕೆ ಎನಿಸುತ್ತಿತ್ತು. ಆದರೂ ಮಾಡುತ್ತಿದ್ದೆ, ಅವನಿಗೆ ಖುಷಿಯಾಗುತ್ತದೆಂದು.

ಗಾಳದ ವಿದ್ಯೆ ಅಪ್ಪನಿಗೆ ಊರಿನಿಂದ ಬಂದದ್ದಲ್ಲ. ಊರಲ್ಲಿ ಅವನು ಮೀನು ತಿಂದವನೇ ಹೊರತು ಹಿಡಿದವನಲ್ಲ. ಕಲಿಸಿದ್ದು ಅರ್ಲ್ ಎಂಬ ಮುದುಕ. ಆ ಬೀಚಿನಲ್ಲಿ ನಾವು ಯಾವಾಗ ಹೋದರೂ ಮಡಚುವ ಕುರ್ಚಿಯಲ್ಲಿ ಕೂತಿರುತ್ತಿದ್ದ ಕಪ್ಪು ಜನಾಂಗದ ನಿವೃತ್ತ ಬಡಗಿ. ಅಲೆ ಹಿಂದೆ ಸರಿದಾಗ ಮರಳೊಳಗೆ ತೂರಿಕೊಳ್ಳುವ ಹೆಬ್ಬೆರಳ ಗಾತ್ರದ ಏಡಿಗಳನ್ನು ಗಾಳಕ್ಕೆಂದು ಬಗೆದು ತೆಗೆಯುವುದು, ಅಲೆ ಒಡೆಯುವ ಜಾಗ ನೋಡಿ ನೀರೊಳಗೆ ಮರಳದಿಬ್ಬ ಎಲ್ಲಿದೆ, ಗುಂಡಿ ಎಲ್ಲಿದೆ ಎಂದು ತಿಳಿಯುವುದು, ಎಲ್ಲವನ್ನೂ ಅವನೇ ತೋರಿಸಿದ. ಚಳಿ ಶುರುವಾದ ಮೇಲೆ ನೀರಿಗಿಳಿಯಲು ಅಪ್ಪ ಯಾರದೋ ಗರಾಜ್ ಸೇಲಿನಲ್ಲಿ ಎದೆಮಟ್ಟದ ರಬ್ಬರ್ ಪ್ಯಾಂಟು ತಂದಾಗ ಅರ್ಲ್ ಅದರ ಸೊಂಟದ ಬೆಲ್ಟನ್ನು ತಾನೇ ಎಳೆದು ಬಿಗಿದಿದ್ದ. ಬೆಲ್ಟ್ ಇಲ್ಲದೆ ಇಳಿಯಬೇಡ, ಒಳಗೆ ನೀರು ತುಂಬಿದರೆ ಇದು ಪ್ಯಾಂಟಲ್ಲ, ಕಲ್ಲು ಎಂದಿದ್ದ. ಅಪ್ಪ ತಲೆಯಾಡಿಸಿದ್ದ. ಅಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ, ಹ್ಯಾಲೋವೀನ್‌ಗೆ ಮುಂಚಿನ ಶನಿವಾರ. ಗಾಳಿ ಜೋರಿತ್ತು, ನೀರು ಬೂದಿ ಬಣ್ಣಕ್ಕಿತ್ತು. ಹಿಂದಿನ ವಾರ ನಮ್ಮ ಐಸ್ ಪೆಟ್ಟಿಗೆಯ ಕೊಂಡಿ ಮುರಿದಿದ್ದರಿಂದ ಅಪ್ಪ ಮುಚ್ಚಳಕ್ಕೆ ಸುತ್ತಿ ಒಂದು ಬೆಲ್ಟ್ ಬಿಗಿದಿದ್ದ. ಯಾವ ಬೆಲ್ಟ್ ಎಂದು ನಾವ್ಯಾರೂ ನೋಡಲಿಲ್ಲ. ಅಮ್ಮ ದೂರದಲ್ಲಿ, ಮರಳಗುಡ್ಡೆಯ ಮರೆಯಲ್ಲಿ, ಅದೇ ಪೆಟ್ಟಿಗೆಯ ಪಕ್ಕ ಕೂತು ಬೆಳಗಿನ ಪರ್ಚ್‌ಗಳನ್ನು ಹಸನು ಮಾಡುತ್ತಿದ್ದಳು. ಅಪ್ಪ ಒಂದು ಕೋಲನ್ನು ಮರಳಿಗೆ ನೆಟ್ಟ ಪ್ಲಾಸ್ಟಿಕ್ ಪೈಪಿಗೆ ಸಿಕ್ಕಿಸಿ, ಗೆಜ್ಜೆ ಕಟ್ಟಿ, ‘ಇದು ನಿಂದು, ನೋಡ್ಕೋ’ ಎಂದು ಹೇಳಿ, ರಬ್ಬರ್ ಪ್ಯಾಂಟು ಏರಿಸಿಕೊಂಡು, ಇನ್ನೊಂದು ಕೋಲು ಹಿಡಿದು ನೀರಿಗಿಳಿದ. ದಿಬ್ಬದ ಆಚೆಗೆ ಎಸೆಯಬೇಕಿತ್ತು ಅವನಿಗೆ, ಕಾಣೆ ಇರುವುದು ಅಲ್ಲಿ. ನಾನು ಏಡಿ ಬಗೆಯಲು ಬಗ್ಗಿದೆ. ಒಂದು ಸಿಕ್ಕಿತು, ಇನ್ನೊಂದು ತಪ್ಪಿಸಿಕೊಂಡಿತು, ಅದರ ಹಿಂದೆ ಮೊಣಕೈವರೆಗೂ ಅಗೆದೆ. ಆಗ ಗೆಜ್ಜೆ ಕೂಗಿತು. ಅಪ್ಪನನ್ನು ಕೂಗಲು ನಾನು ತಲೆಯೆತ್ತಿದೆ.

ನೀರಿನ ಮೇಲೆ ಯಾರೂ ಇರಲಿಲ್ಲ. ಅಲೆ ಒಂದು ಬಂತು, ಹೋಯಿತು, ಇನ್ನೊಂದು ಬಂತು. ನಾನು ಎದ್ದು ಅಮ್ಮನ ಕಡೆಗೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ: ‘ಕಾಣೆ! ಅಪ್ಪ ಕಾಣೆ! ಅಮ್ಮಾ, ಕಾಣೆ!’

ಅಮ್ಮ ಬಾಗಿದ ಕೋಲನ್ನು ನೋಡಿದಳು. ಎದ್ದು ನಿಂತು, ಚಾಕು ಹಿಡಿದ ಕೈಯನ್ನೇ ಬೀಸಿ, ನಗುತ್ತಾ ಕೂಗಿದಳು: ‘ಹಿಡ್ಕೋ ಪುಟ್ಟಿ! ಗಟ್ಟಿ ಹಿಡ್ಕೋ, ಬಿಡ್ಬೇಡ!’

ನಾನು ಹಿಡಿದುಕೊಂಡೆ. ಹತ್ತು ವರ್ಷದ ಹುಡುಗಿಗೆ ಬುದ್ಧಿ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು, ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಅಮ್ಮನಿಗೆ ಗೊತ್ತಾಗಿದೆ, ಅವಳೇ ಹೇಳುತ್ತಿದ್ದಾಳೆ, ದಾರದ ಆ ತುದಿಯಲ್ಲಿರುವುದು ಅಪ್ಪ, ಬಿಟ್ಟರೆ ಹೋಗುತ್ತಾನೆ: ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಕೋಲಿನ ಹಿಡಿಯನ್ನು ಹೊಟ್ಟೆಗೊತ್ತಿಕೊಂಡು ರಾಟೆ ತಿರುಗಿಸಿದೆ. ಆ ಕಡೆಯಿಂದ ಎಳೆತ ಇತ್ತು, ಜೀವದ ಎಳೆತ. ಅಳುತ್ತಾ ತಿರುಗಿಸಿದೆ. ನೊರೆಯೊಳಗಿಂದ ಹೊರಬಂದು ಮರಳ ಮೇಲೆ ಪಟಪಟ ಬಡಿದುಕೊಂಡದ್ದು ಒಂದು ಕಾಣೆ, ಆ ವರ್ಷ ನಮಗೆ ಸಿಕ್ಕವುಗಳಲ್ಲೆಲ್ಲ ದೊಡ್ಡದು. ಆಗ ನನ್ನ ಬಾಯಿಗೆ ಇಂಗ್ಲಿಷ್ ಬಂತು. ‘ವೇರ್ ಇಸ್ ಅಪ್ಪ?’ ಎಂದು ಕಿರುಚಿದೆ. ಅಮ್ಮನ ಕೈಯಿಂದ ಚಾಕು ಬಿತ್ತು.

ಮುಂದಿನದನ್ನು ಹೆಚ್ಚು ಹೇಳಲಾರೆ. ಅಮ್ಮ ಸೀರೆಯಲ್ಲ, ಜೀನ್ಸ್ ಹಾಕಿದ್ದಳು, ಎದೆಮಟ್ಟ ನೀರಿನವರೆಗೂ ಹೋದವಳನ್ನು ಅರ್ಲ್ ಎಳೆದುಕೊಂಡು ಬಂದ. ದೋಣಿ ಬಂತು, ಹೆಲಿಕಾಪ್ಟರ್ ಬಂತು. ಎರಡನೆಯ ದಿನ, ಬೀಚಿನ ದಕ್ಷಿಣದ ತುದಿಯಲ್ಲಿ, ಅಪ್ಪ ಸಿಕ್ಕಿದ. ನನಗೆ ನೆನಪಿರುವುದು ಆ ಮೊದಲ ಗಂಟೆಯ ಒಬ್ಬ ಪೊಲೀಸ್. ಅವನು ನನ್ನ ಮುಂದೆ ಮೊಣಕಾಲೂರಿ ಕೂತು, ಅಪ್ಪ ಕಾಣಿಸದಾಗ ನೀನು ಏನು ಮಾಡಿದೆ ಎಂದು ಮೆತ್ತಗೆ ಕೇಳಿದ. ನಾನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದೆ: ‘ಐ ಟೋಲ್ಡ್ ಮೈ ಮಾಮ್ ಹೀ ವಾಸ್ ಮಿಸ್ಸಿಂಗ್.’ ಅಮ್ಮ ಪಕ್ಕದಲ್ಲೇ ಇದ್ದಳು, ಯಾರೋ ಹೊದಿಸಿದ ಕಂಬಳಿಯೊಳಗೆ, ಮುಖ ಕಡಲಿನ ಕಡೆಗೆ. ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೇಳಿ ಮುಗಿಸುವಷ್ಟರಲ್ಲೇ ಏನೋ ಆಡಬಾರದ್ದು ಆಡಿಬಿಟ್ಟೆ ಎನಿಸಿ ನಾನು ಬಾಯಿ ಮುಚ್ಚಿದೆ. ಪೊಲೀಸ್ ಬರುವುದಕ್ಕೆ ಮುಂಚೆಯೇ ಅರ್ಲ್ ಆ ಕಾಣೆಯ ಬಾಯಿಂದ ಗಾಳ ಬಿಡಿಸಿ ಅದನ್ನು ನೀರಿಗೆ ಬಿಟ್ಟಿದ್ದ. ಅದು ಬಾಲ ಬಡಿದು ಈಜಿಕೊಂಡು ಹೋಗಿತ್ತು. ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮನೆ ಎಂಬುದು ಎಷ್ಟು ಬೇಗ ಕರಗುತ್ತದೆ ಎಂದು ಆಮೇಲೆ ಗೊತ್ತಾಯಿತು. ನಮ್ಮಿಬ್ಬರ ವೀಸಾ ಅಪ್ಪನ ವೀಸಾಕ್ಕೆ ಜೋತುಬಿದ್ದಿತ್ತು. ಅವನಿಲ್ಲದ ಮೇಲೆ ನಾವು ಅಲ್ಲಿರುವ ಹಾಗಿರಲಿಲ್ಲ. ಕೆಲವೇ ವಾರಗಳಲ್ಲಿ ಮೂವಿಂಗ್ ಸೇಲ್ ಎಂದು ಕಾಗದ ಅಂಟಿಸಿ, ಸೋಫಾ, ಗ್ರೈಂಡರ್, ನನ್ನ ಸೈಕಲ್ಲು ಎಲ್ಲವನ್ನೂ ಪಾರ್ಕಿಂಗ್ ಲಾಟಿನಲ್ಲಿ ಜೋಡಿಸಿಟ್ಟೆವು. ಗಾಳದ ಕೋಲುಗಳನ್ನು ಯಾರೋ ಒಬ್ಬ ತಂದೆ, ಮಗನನ್ನು ಕರೆದುಕೊಂಡು ಬಂದು ಒಯ್ದ. ಕೆಳಗಿನ ಮನೆಯ ಹೆಂಗಸು ಒಂದು ಕೇಕ್ ತಂದುಕೊಟ್ಟು, ಅಮ್ಮನನ್ನು ತಬ್ಬಿಕೊಂಡು ಅತ್ತಳು. ಐಸ್ ಪೆಟ್ಟಿಗೆಯನ್ನು ಯಾರೂ ಕೊಳ್ಳಲಿಲ್ಲ. ಅಮ್ಮ ಅದರ ಬೆಲ್ಟನ್ನು ಬಿಚ್ಚಿ, ಅದರ ಬಕಲನ್ನು ನೋಡಿ, ಮತ್ತೆ ಹಾಗೇ ಬಿಗಿದು, ಪೆಟ್ಟಿಗೆಯನ್ನು ಕಸದ ಡಬ್ಬದ ಪಕ್ಕ ಇಟ್ಟು ಬಂದಳು.

ಕುಂದಾಪುರಕ್ಕೆ ನಾವು ಹೋಗಲಿಲ್ಲ. ಕಡಲು ಕೇಳಿಸದ ಊರೇ ಬೇಕೆಂದು ಅಮ್ಮ ಮೈಸೂರಿನ ಚಿಕ್ಕಮ್ಮನ ಮನೆಯ ಹತ್ತಿರ ಮನೆ ಮಾಡಿದಳು. ಈ ಬರೆಯುವ ಕನ್ನಡವನ್ನು ನಾನು ಕಲಿತದ್ದು ಇಲ್ಲಿಯ ಶಾಲೆಯಲ್ಲಿ, ಹಟ ಹಿಡಿದು, ಒಂದು ಮಾತಿಗೆ ಎರಡರ್ಥ ಬರದ ಹಾಗೆ ಮಾತಾಡಬೇಕೆಂದು. ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ರೀತಿ: ಮೊದಲು ಮೀನು ಬಂತು, ಮಗು ಖುಷಿಯಲ್ಲಿ ಕೂಗಿತು, ಆಮೇಲೆ ನೋಡಿದರೆ ಅವರಿಲ್ಲ. ನಾನು ತಿದ್ದಲಿಲ್ಲ. ನಾನು ಕೂಗಿದ್ದು ಮೀನಿಗಲ್ಲ ಎಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗಬಾರದು ಎಂದುಕೊಂಡೇ ಬೆಳೆದೆ. ಆದರೆ ಬರಬರುತ್ತಾ ಒಂದು ವಿಷಯ ಗಮನಕ್ಕೆ ಬಂತು. ಮೀನಿನಂಗಡಿಯಲ್ಲಿ ಬಂಗುಡೆ, ಅಂಜಲ್ ಎಂದೆಲ್ಲ ಕೇಳುವ ಅಮ್ಮ, ಆ ಒಂದು ಮೀನಿಗೆ ಮಾತ್ರ ‘ಲೇಡಿ ಫಿಶ್ ಬೇಡಪ್ಪ’ ಎನ್ನುತ್ತಿದ್ದಳು. ಕನ್ನಡಕ ಕಳೆದರೆ ‘ಎಲ್ಲೋ ಇಟ್ಬಿಟ್ಟೆ’ ಎನ್ನುತ್ತಿದ್ದಳು. ಆ ಮಾತೊಂದು ನಮ್ಮ ಮನೆಯಿಂದ ಹೋಗಿಬಿಟ್ಟಿತ್ತು. ನಾನೂ ಆಡುತ್ತಿರಲಿಲ್ಲ, ಅವಳೂ ಆಡುತ್ತಿರಲಿಲ್ಲ.

ಮೊನ್ನೆ ಅಮ್ಮ ಹಜಾರದಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಪೇಪರು ಓದುತ್ತಿದ್ದೆ. ಮೇಕೆಗಳು ಹೋದವು. ಗೆಜ್ಜೆ ಸದ್ದಿಗೆ ನಾನು ಕತ್ತೆತ್ತಿದೆ. ನೋಡಿದರೆ ಅಮ್ಮನೂ ಎತ್ತಿದ್ದಳು. ಅವಳ ಕಣ್ಣೂ ಕಾಂಪೌಂಡಿನ ಆಚೆಗೆ ಏನನ್ನೋ ಹುಡುಕುತ್ತಿತ್ತು. ಸದ್ದು ಬೀದಿಯ ತಿರುವಿನವರೆಗೂ ಹೋಗಿ ನಿಂತಿತು.

‘ನಾನು ಹಿಡ್ಕೋ ಅಂದೆ’ ಎಂದಳು ಅಮ್ಮ. ‘ಅಲ್ವಾ?’

ಆ ದಿನದ ಬಗ್ಗೆ ಇಷ್ಟು ವರ್ಷದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ನಾನು ಪೇಪರಿಗೆ ಕಣ್ಣಿಳಿಸಿ ಹೇಳಿದೆ, ‘ಮೀನು ಬಂದಿತ್ತಲ್ಲಮ್ಮ. ನಾನು ಮೀನು ಅಂತಾನೇ ಕೂಗಿದ್ದು.’

ಅಮ್ಮ ನನ್ನನ್ನೇ ನೋಡಿದಳು. ನಾನು ಸುಳ್ಳು ಹೇಳಿದಾಗ ಅವಳಿಗೆ ಗೊತ್ತಾಗುತ್ತದೆ, ಚಿಕ್ಕಂದಿನಿಂದಲೂ ಅಷ್ಟೇ. ಆಮೇಲೆ ಕೈಚಾಚಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಹುರುಳಿಕಾಯಿಯ ನಾರು ಅಂಟಿದ ಕೈ, ತಣ್ಣಗಿತ್ತು.

‘ಹೂಂ’ ಎಂದಳು. ‘ದೊಡ್ಡ ಕಾಣೆ ಅದು.’