ಸರ್ಕಾರಕ್ಕೆ ಕುರಿ ಕಡಿಸಿದವನು

ಯಾವ ಅತಿಥಿಗೆ ಕುರಿಯ ಯಾವ ಮೂಳೆ ಕೊಡಬೇಕು ಎಂಬುದೊಂದನ್ನು ಬಿಟ್ಟರೆ ತೊಲೊಮುಶ್‌ಗೆ ಬೇರೇನೂ ಗೊತ್ತಿರಲಿಲ್ಲ. ಆ ಒಂದು ವಿದ್ಯೆಯ ಬಲದಿಂದ ಅವನು ಹನ್ನೊಂದು ವರ್ಷ ನಮ್ಮ ಸಾರಿಬುಲುಂಗ್ ಗ್ರಾಮಾಡಳಿತದ ಮುಖ್ಯಸ್ಥನಾಗಿದ್ದ. ನಾನು ಅದೇ ಕಚೇರಿಯ ಗುಮಾಸ್ತ. ಅವನ ಪತ್ರಗಳನ್ನೂ ಭಾಷಣಗಳನ್ನೂ ವರ್ಷದ ವರದಿಗಳನ್ನೂ ಬರೆದವನು ನಾನೇ. ಅವನ ಜೀವನವನ್ನು ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಈ ಸಲ ಮಾತ್ರ ಅವನಿಗೆ ಓದಿ ಹೇಳಿ ಒಪ್ಪಿಗೆ ಪಡೆಯಬೇಕಾಗಿಲ್ಲ.

ಸಾಮೂಹಿಕ ಬೇಸಾಯದ ಕಾಲದಲ್ಲಿ ಅವನು ಮಂದೆಯ ಕುರಿ ಎಣಿಸುವವನಾಗಿದ್ದ. ಎಣಿಕೆ ಎಂದೂ ಸರಿ ಬರುತ್ತಿರಲಿಲ್ಲ. ಆದರೆ ತಪಾಸಣೆಗೆ ಬಂದವನ ಮುಂದೆ ಬೆಂದ ತೊಡೆಮೂಳೆ ಇಟ್ಟರೆ ತಪ್ಪಿದ ಎಣಿಕೆಯೂ ಸರಿಹೋಗುತ್ತದೆ ಎಂಬುದನ್ನು ಅವನು ಇಪ್ಪತ್ತೆರಡನೆಯ ವಯಸ್ಸಿನಲ್ಲೇ ಕಂಡುಕೊಂಡ. ಮುಂದೆ ಅವನು ಹೊಸದೇನನ್ನೂ ಕಲಿಯಲಿಲ್ಲ. ಕಲಿಯುವ ಅಗತ್ಯವೂ ಬೀಳಲಿಲ್ಲ. ಬೇಸಾಯ ಸಂಘ ಮುಳುಗಿತು, ಧ್ವಜ ಬದಲಾಯಿತು, ಹಣ ಬದಲಾಯಿತು. ಕುರಿಯ ಮೂಳೆಗಳು ಮಾತ್ರ ಬದಲಾಗಲಿಲ್ಲ.

ಒಮ್ಮೆ ಒಂದು ತಿಥಿಯೂಟದಲ್ಲಿ ಜಿಲ್ಲೆಯ ದೊಡ್ಡ ಅಧಿಕಾರಿಯ ಎದುರೇ ಇಬ್ಬರು ಮುದುಕರು ಸೊಂಟದ ಮೂಳೆ ತಮಗೆ ಬರಬೇಕೆಂದು ಜಗಳಕ್ಕೆ ಬಿದ್ದರು. ತೊಲೊಮುಶ್ ನಡುವೆ ಹೋಗಿ, ಯಾರ ಅಜ್ಜ ಯಾರ ಅಜ್ಜನಿಗಿಂತ ಎಷ್ಟು ಚಳಿಗಾಲ ಮೊದಲು ಹುಟ್ಟಿದ ಎಂದು ಲೆಕ್ಕ ಹಾಕಿ ಜಗಳ ಬಿಡಿಸಿದ. ಮಾರನೆಯ ವರ್ಷ ರಾಜಧಾನಿ ಬಿಷ್ಕೆಕ್‌ನಿಂದ ಅಧಿಕಾರವನ್ನು ಹಳ್ಳಿಗಳಿಗೆ ಇಳಿಸಬೇಕೆಂಬ ಆದೇಶ ಬಂತು. ಇಳಿದುಬಂದ ಅಧಿಕಾರವನ್ನು ಯಾರ ಮಡಿಲಿಗೆ ಹಾಕುವುದು ಎಂದು ಯೋಚಿಸಿದಾಗ ಆ ದೊಡ್ಡ ಅಧಿಕಾರಿಗೆ ನೆನಪಾದದ್ದು ಮೂಳೆಯ ಪಂಡಿತ.

ಆದೇಶ ಕೆಟ್ಟದ್ದೇನಲ್ಲ. ನನ್ನ ತಾಯಿ ನನ್ನ ಶಾಲೆಯ ಒಂದು ಕಾಗದಕ್ಕಾಗಿ ಎರಡು ಕಣಿವೆ ದಾಟಿ, ಮೂರು ದಿನ ಜಿಲ್ಲಾ ಕಚೇರಿಯ ಮೆಟ್ಟಿಲ ಮೇಲೆ ಕೂತು ಬಂದವಳು. ಸರ್ಕಾರವೇ ಮನೆ ಬಾಗಿಲಿಗೆ ಬರುತ್ತದೆ ಎಂದಾಗ ನಾನು ನಿಜವಾಗಿಯೂ ಸಂತೋಷಪಟ್ಟಿದ್ದೆ. ಬಂದದ್ದೂ ನಿಜ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ, ಊರೆಲ್ಲ ಮಂದೆಯ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿ ಬಿಡಾರ ಹೂಡಿರುವಾಗ, ಒಂದು ಬಿಳಿ ವ್ಯಾನು ಹತ್ತಿ ಬರುತ್ತಿತ್ತು. ತಲೆಯ ಮೇಲೆ ಉಪಗ್ರಹದ ತಟ್ಟೆ, ಒಳಗೆ ಕಂಪ್ಯೂಟರು, ಪ್ರಿಂಟರು, ಬೆರಳಚ್ಚಿನ ಯಂತ್ರ. ಜನನ, ಮರಣ, ಪಿಂಚಣಿ, ಯಾವ ಕಾಗದ ಬೇಕಾದರೂ ಅಲ್ಲೇ ಕೈಗೆ ಬರಬೇಕು. ಒಂದೇ ಕಟ್ಟಳೆ: ಪ್ರತಿ ಕಾಗದಕ್ಕೂ ಗ್ರಾಮದ ಮುಖ್ಯಸ್ಥ ಯಂತ್ರದ ಮೇಲೆ ಬೆರಳು ಒತ್ತಬೇಕು.

ಆ ಬೆರಳು ಏನು ಮಾಡುತ್ತಿತ್ತು? ವ್ಯಾನು ಬಂದ ಕೂಡಲೇ ಕುರಿ ಹುಡುಕಲು ಹೋಗುತ್ತಿತ್ತು. ತೊಲೊಮುಶ್‌ನ ಪ್ರಕಾರ ಸರ್ಕಾರ ಎಂದರೆ ಅತಿಥಿ, ಅತಿಥಿ ಎಂದರೆ ಕುರಿ. ಕುರಿ ಕಡಿದು, ಬೇಯಿಸಿ, ಮೂಳೆ ಹಂಚಿ, ಉಂಡು ಮುಗಿಯುವವರೆಗೆ ಕೆಲಸದ ಮಾತೆತ್ತುವುದು ಸಂಸ್ಕಾರವಲ್ಲ. ಬೇಯುವುದಕ್ಕೆ ಮೂರು ಗಂಟೆ. ಸಂಜೆ ನಾಲ್ಕರ ಹೊತ್ತಿಗೆ ಬಿಸಿಲಿಗೆ ಕರಗಿದ ಹಿಮದ ನೀರು ಹೊಳೆಗೆ ಇಳಿಯುತ್ತದೆ. ಅಷ್ಟರೊಳಗೆ ವ್ಯಾನು ದಾಟಬೇಕು. ಒಂದು ವರ್ಷ ನಲವತ್ತು ಜನ ಹುಲ್ಲಿನ ಮೇಲೆ ಕಾದು ಕೂತಿದ್ದರು. ಆದ ಕಾಗದ ಆರು. ವರದಿಯಲ್ಲಿ ನಾನು ‘ಸೇವೆಯನ್ನು ಜನರ ಬಳಿಗೇ ತಲುಪಿಸಲಾಯಿತು’ ಎಂದು ಬರೆದೆ. ಅವನು ಬರೆಯಲು ಹೇಳಿದ, ನಾನು ಬರೆದೆ.

ಮರುವರ್ಷ ಕುರಿ ಕೊಡುವ ಸರದಿ ಬುರ್ಮಾಕನ್ ಅಕ್ಕನದು. ಕಾಗದದ ಅಗತ್ಯ ಎಲ್ಲರಿಗಿಂತ ಹೆಚ್ಚಿದ್ದದ್ದೂ ಅವಳಿಗೇ.

ಬುರ್ಮಾಕನ್‌ಗೆ ಅರವತ್ತಮೂರು ವರ್ಷ, ಗಂಡ ಇಲ್ಲ. ನಮ್ಮಲ್ಲಿ ಮೊದಲ ಮೊಮ್ಮಗು ಅಜ್ಜಿಯದು. ಮಗು ಅಜ್ಜಿಯನ್ನೇ ಅಮ್ಮ ಎನ್ನುತ್ತದೆ. ಹಾಗೆ ಅವಳ ಕೈಗೆ ಬಂದ ಹುಡುಗಿ ಅಕ್ಮೂರ್. ಚಳಿಗಾಲದ ಕೊಟ್ಟಿಗೆಮನೆಯಲ್ಲಿ ಹುಟ್ಟಿದ ಕೂಸು. ನಲವತ್ತು ದಿನ ತುಂಬಿದ ಮೇಲೆ ಮಗ ಸೊಸೆ ಇಬ್ಬರೂ ರಷ್ಯಾಕ್ಕೆ ಕೂಲಿಗೆ ಹೋದರು. ಅಜ್ಜಿಗೆ ಕೊಟ್ಟ ಮಗು ತಾನೇ ಎಂದು ಅಪ್ಪ ಅಮ್ಮ ಹೆಸರು ಬರೆಸಲಿಲ್ಲ. ಅಪ್ಪ ಅಮ್ಮ ಬರೆಸಿರುತ್ತಾರೆ ಎಂದು ಅಜ್ಜಿ ಬರೆಸಲಿಲ್ಲ. ಆರು ವರ್ಷ ಸರ್ಕಾರದ ಲೆಕ್ಕದಲ್ಲಿ ಆ ಹುಡುಗಿ ಹುಟ್ಟಿಯೇ ಇರಲಿಲ್ಲ. ಆ ವಸಂತದಲ್ಲಿ ಅವಳ ತುಟಿ ನೀಲಿಯಾಗತೊಡಗಿತು. ಹೃದಯದಲ್ಲಿ ತೂತಿದೆ ಎಂದರು ವೈದ್ಯರು. ಬಿಷ್ಕೆಕ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಗುರುವಾರ ಗೊತ್ತಾಯಿತು. ಜನನ ಪತ್ರ, ಅದರ ಮೇಲಿನ ಸಂಖ್ಯೆ ಇಲ್ಲದೆ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ.

ಬುರ್ಮಾಕನ್ ಜಿಲ್ಲೆಗೆ ಹೋದಳು. "ಆ ಅಧಿಕಾರ ಈಗ ನಿಮ್ಮ ಹಳ್ಳಿಗೇ ಕೊಟ್ಟಿದೀವಲ್ಲಮ್ಮ, ಇಷ್ಟು ದೂರ ಯಾಕೆ ಬಂದ್ರಿ?" ಎಂದು ನಗುನಗುತ್ತಾ ವಾಪಸು ಕಳಿಸಿದರು. ಹಳ್ಳಿಗೆ ಬಂದಳು. ತೊಲೊಮುಶ್ ಹೇಳಿದ, "ಸೋಮವಾರ ವ್ಯಾನು ಬರುತ್ತಲ್ಲಕ್ಕ. ನನ್ನ ಬೆರಳೇನು ಓಡಿಹೋಗುತ್ತಾ? ಹಾಂ, ಈ ಸಲ ಕುರಿ ನಿಂದು. ಕೊಬ್ಬಿದ್ದು ನೋಡಿ ಹಿಡಿ."

ಸೋಮವಾರ ಹತ್ತಕ್ಕೆ ವ್ಯಾನು ಬಂತು. ಇಳಿದವರು ಇಬ್ಬರು. ಒಬ್ಬ ಜಿಲ್ಲೆಯ ಉಪಾಧಿಕಾರಿ ಓಮೊರ್, ಅವನ ಹೊಟ್ಟೆ ಅವನಿಗಿಂತ ಮೊದಲು ಇಳಿಯಿತು. ಇನ್ನೊಬ್ಬಳು ಯಂತ್ರ ನೋಡಿಕೊಳ್ಳುವ ಮೀರ್‌ಗುಲ್, ಇಪ್ಪತ್ತೈದರ ಹುಡುಗಿ. ಅವಳು ಕಾಲು ನೆಲಕ್ಕಿಡುತ್ತಲೇ ಹೇಳಿದಳು, "ನಾಲ್ಕಕ್ಕೆ ಹೊರಡ್ಬೇಕು. ಯಾರ್ಯಾರದಿದೆ ಸಾಲಾಗಿ ಬನ್ನಿ. ಮುಖ್ಯಸ್ಥರು ಎಲ್ಲಿ?"

ಮುಖ್ಯಸ್ಥರು ಕುರಿಯ ಮುಂದೆ ಕೈ ಮೇಲೆತ್ತಿ ಪ್ರಾರ್ಥನೆ ಹೇಳುತ್ತಿದ್ದರು.

ಓಮೊರ್ ಗುಡಾರದೊಳಗೆ ಬಾಗಿಲಿಗೆದುರಾದ ಗೌರವದ ಜಾಗದಲ್ಲಿ ಮೂರು ದಿಂಬಿಗೆ ಒರಗಿ, ಹುಳಿಸಿದ ಕುದುರೆ ಹಾಲು ಕುಡಿಯುತ್ತಾ ಕುಳಿತ. ಹೊರಗೆ ನಲವತ್ತೊಂಬತ್ತು ಜನ. ನಾನು ಅರ್ಜಿಗಳನ್ನೆಲ್ಲ ಮೊದಲೇ ತುಂಬಿ ಇಟ್ಟಿದ್ದೆ. ಬೆರಳು ಒಂದೇ ಬಾಕಿ. ಬುರ್ಮಾಕನ್ ಕೊಪ್ಪರಿಗೆಯ ಕೆಳಗೆ ಒಣಸಗಣಿ ತಳ್ಳುತ್ತಿದ್ದಳು. ಪಕ್ಕದಲ್ಲಿ ಕಂಬಳಿ ಹೊದ್ದು ಅಕ್ಮೂರ್ ಕೂತಿದ್ದಳು.

"ಅಕ್ಕಾ, ನೀನು ಹೋಗಿ ಸಾಲಲ್ಲಿ ನಿಂತ್ಕೊ," ಎಂದೆ.

"ನಾನು ಎದ್ರೆ ಬೆಂಕಿ ನಿನ್ನ ಮಾವ ನೋಡ್ತಾನೇನೋ? ಕರಿತೀನಿ ಅಂದಿದಾನೆ ತೊಲೊಮುಶ್. ಮೊದಲನೇದೇ ನಿಂದು ಅಂದಿದಾನೆ."

ಹನ್ನೆರಡೂವರೆಗೆ ತೊಲೊಮುಶ್ ನನ್ನ ತೋಳು ಹಿಡಿದು ವ್ಯಾನಿನ ಹಿಂದಕ್ಕೆ ಎಳೆದುಕೊಂಡು ಹೋದ. ಹಣೆಯಲ್ಲಿ ಬೆವರು. ಕೊನೆಗೂ ಕೆಲಸದ ಚಿಂತೆ ಹತ್ತಿತು ಎಂದುಕೊಂಡೆ.

"ಲೋ, ಓದಿದವನಲ್ವಾ ನೀನು, ಹೇಳು. ಇವರಿಬ್ಬರಲ್ಲಿ ದೊಡ್ಡವರು ಯಾರು? ತಲೆ ಯಾರ ಮುಂದೆ ಇಡ್ಲಿ?"

"ಯಾರ ತಲೆ?"

"ಕುರೀದು ಕಣೋ! ಮೊದಲಾಗಿದ್ರೆ ಓಮೊರ್‌ಗೆ ಅಂತ ಕಣ್ಣು ಮುಚ್ಚಿ ಇಡ್ತಿದ್ದೆ. ಈಗ ಅಧಿಕಾರ ಎಲ್ಲಾ ಕೆಳಗಿಳಿದಿದೆ ಅಂತಾರೆ, ಮೆಷಿನ್ನು ಆ ಹುಡುಗಿ ಕೈಲಿದೆ. ಅವಳಿಗೆ ಇಡೋಣ ಅಂದ್ರೆ ಹೆಣ್ಣು. ಸಾಲದ್ದಕ್ಕೆ ಅವಳಪ್ಪ ಬೇರೆ ಬದುಕಿದಾನಂತೆ. ಅಪ್ಪ ಇರೋರು ತಲೆ ಮುಟ್ತಾರೇನೋ?"

"ಅಣ್ಣಾ, ಒಂದು ಅರ್ಧ ಗಂಟೆ ಬೆರಳು ಒತ್ತಿ ಬಂದ್ಬಿಡಿ. ಆಮೇಲೆ ತಲೆ ವಿಚಾರ ಮಾಡೋಣ."

ಅವನು ನನ್ನನ್ನು ಮರುಕದಿಂದ ನೋಡಿದ. "ನಿನಗೆ ವಿಶ್ವವಿದ್ಯಾಲಯದಲ್ಲಿ ಏನು ಕಲಿಸಿದ್ರೋ ಆ ದೇವರಿಗೇ ಗೊತ್ತು," ಎಂದು ಹೋಗಿಬಿಟ್ಟ.

ಮೀರ್‌ಗುಲ್ ಎರಡು ಸಲ ಗುಡಾರದ ಬಾಗಿಲಿಗೆ ಬಂದು ಕರೆದಳು. ಮೊದಲ ಸಲ ಓಮೊರ್, "ಕೂತ್ಕೊಮ್ಮ, ಊರವರ ಮನಸ್ಸು ನೋಯಿಸ್ಬಾರದು," ಎಂದ. ಎರಡನೆಯ ಸಲ ತೊಲೊಮುಶ್ ಅವಳ ಬಾಯಿಗೆ ಒಂದು ಚೂರು ರೊಟ್ಟಿ ಇಟ್ಟು ಕಳಿಸಿದ. ಎರಡೂವರೆಗೆ ಮಾಂಸ ಬೆಂದಿತು. ತಲೆ ಓಮೊರ್‌ಗೇ ಹೋಯಿತು. ಆಗ ತೊಲೊಮುಶ್ ಅಂಗಿಯ ತೋಳು ಮಡಚಿ ತನಗೆ ಬರುವ ಏಕೈಕ ಕೆಲಸಕ್ಕೆ ಕುಳಿತ: ಮೂಳೆ ಬಿಡಿಸಿ, ಮಾಂಸವನ್ನು ಎಳೆಎಳೆಯಾಗಿ ಕೊಯ್ದು ಶಾವಿಗೆಗೆ ಬೆರೆಸುವುದು. ಬಾಲದ ಕೊಬ್ಬು ಮೊಣಕೈವರೆಗೆ ಇಳಿಯುತ್ತಿತ್ತು.

ಮೂರೂಕಾಲಿಗೆ ಮೀರ್‌ಗುಲ್ ಹೊಳೆಯ ಕಡೆ ನೋಡಿ ತಟ್ಟೆಯ ತಂತಿ ಸುತ್ತತೊಡಗಿದಳು. ಆಗ ಬುರ್ಮಾಕನ್ ಎದ್ದಳು. ಬೆಂಕಿಯನ್ನು ಹಾಗೇ ಬಿಟ್ಟು, ಮಗುವನ್ನು ಬೆನ್ನಿಗೆ ಹಾಕಿಕೊಂಡು, ಊಟದ ನಡುವೆ ಗುಡಾರಕ್ಕೆ ನುಗ್ಗಿದಳು.

"ತೊಲೊಮುಶ್, ಎದ್ದೇಳು."

"ಏನಕ್ಕಾ ಇದು, ಎಂಜಲು ಕೈಯಲ್ಲಿ ಎದ್ದೇಳೋದಾ? ಅತಿಥಿಗಳು—"

"ಗುರುವಾರ ನಿನ್ನ ಅತಿಥಿ ನನ್ನ ಮಗೂನ ಎದೆ ಹೊಲಿತಾನೇನೋ?"

ಓಮೊರ್ ಕುರಿಯ ತಲೆಯಿಂದ ತೆಗೆದ ಕಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದವನು ಅರ್ಧಕ್ಕೆ ನಿಂತ. ಮೀರ್‌ಗುಲ್ ಬೆರಳಚ್ಚಿನ ಯಂತ್ರವನ್ನು ತಂದು ತೊಲೊಮುಶ್‌ನ ಮುಂದೆ ಹಾಸಿದ ಊಟದ ಬಟ್ಟೆಯ ಮೇಲೆ ಇಟ್ಟಳು. ಇಷ್ಟಾದ ಮೇಲೆ ಒತ್ತದೆ ವಿಧಿಯಿಲ್ಲ. ನಮ್ಮ ಹಿರಿಯರು ಮಾಡುವಂತೆ ಕೈಯ ಕೊಬ್ಬನ್ನು ಬೂಟಿಗೆ ಸವರಿ, ಗಂಭೀರವಾಗಿ ಬೆರಳು ಒತ್ತಿದ. ಕೆಂಪು ದೀಪ. ಮತ್ತೆ ಒತ್ತಿದ. ಕೆಂಪು.

"ನಿಲ್ಲಿಸಿ!" ಮೀರ್‌ಗುಲ್ ಕೂಗಿಬಿಟ್ಟಳು. "ಜಿಡ್ಡು ಕೈ! ಮೂರನೇ ಸಲ ತಪ್ಪಿದ್ರೆ ಬೀಗ ಬೀಳುತ್ತೆ, ಮೂರು ದಿನ ತೆಗೆಯಕ್ಕಾಗಲ್ಲ."

ತೊಲೊಮುಶ್ ಯಂತ್ರವನ್ನು ದಿಟ್ಟಿಸಿದ. "ಇದಕ್ಕೆ ಮರ್ಯಾದೆ ಗೊತ್ತಿಲ್ಲ," ಎಂದ.

ಬುರ್ಮಾಕನ್ ಮಗುವನ್ನು ನನ್ನ ತೋಳಿಗೆ ಕೊಟ್ಟಳು. ಅದರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು, ಚಿಕ್ಕಚಿಕ್ಕದು. ಅವಳು ಹೊರಗೆ ಹೋಗಿ ಒಂದು ಬೊಗಸೆ ಬೂದಿ, ಒಂದು ಚೊಂಬು ಬಿಸಿನೀರು ತಂದಳು. ಎಲ್ಲರೆದುರು ಗ್ರಾಮದ ಮುಖ್ಯಸ್ಥನ ಮಣಿಕಟ್ಟು ಹಿಡಿದು, ಕೊಪ್ಪರಿಗೆಯ ತಳ ತಿಕ್ಕುವ ಹಾಗೆ ತಿಕ್ಕಿದಳು. ಅಂಗೈ ತಿಕ್ಕಿದಳು, ಉಗುರಿನ ಸಂದು ತಿಕ್ಕಿದಳು.

"ಅಯ್ಯೋ, ಸುಡತ್ತಕ್ಕಾ!"

"ಸುಡ್ಲಿ. ಹನ್ನೊಂದು ವರ್ಷದ ಜಿಡ್ಡು."

ಕೈಯನ್ನು ತನ್ನ ತಲೆವಸ್ತ್ರದ ಸೆರಗಿನಿಂದ ಒರೆಸಿ, ಆ ಬೆರಳನ್ನು ತಾನೇ ಹಿಡಿದು ಯಂತ್ರದ ಮೇಲೆ ಒತ್ತಿದಳು. ಹಸಿರು ದೀಪ.

ಬಾಗಿಲಲ್ಲಿ ಇಣುಕುತ್ತಿದ್ದವರಿಗೆ ಅಷ್ಟು ಸಾಕಾಯಿತು. "ತೊಳೆದಿರೋ ಹೊತ್ತಲ್ಲೇ ಎಳ್ಕೊಂಡು ಬನ್ರೋ!" ಎಂದು ಯಾರೋ ಕೂಗಿದರು. ಅವನನ್ನು ಎರಡೂ ಕಡೆ ಹಿಡಿದು ವ್ಯಾನಿಗೆ ಒಯ್ದು ಕೂರಿಸಿದರು. ನಾನು ಅರ್ಜಿ ಕೊಟ್ಟೆ, ಮೀರ್‌ಗುಲ್ ಓದಿದಳು, ಅವನು ಒತ್ತಿದ. ನಾಲ್ಕು ಹೊಡೆಯುವುದರೊಳಗೆ ಇಪ್ಪತ್ತೆಂಟು ಕಾಗದ. ಹನ್ನೊಂದು ವರ್ಷದಲ್ಲಿ ಅವನು ಮಾಡಿದ ಸರ್ಕಾರಿ ಕೆಲಸ ಆ ಅರ್ಧ ಗಂಟೆಯದು, ಅದೂ ಬೇರೆಯವರು ಹಿಡಿದು ಕೂರಿಸಿದ್ದಕ್ಕೆ. ಗುಡಾರದಲ್ಲಿ ಓಮೊರ್ ಒಬ್ಬನೇ ಕೂತು ಆರಿಹೋದ ಮಾಂಸ ತಿಂದ. ಉಳಿದ ಇಪ್ಪತ್ತೊಂದು ಜನ ಮುಂದಿನ ಬೇಸಿಗೆಗೆ ಕಾಯಬೇಕಾಯಿತು. ಈ ಸಲ ಅವರ ಸಂಖ್ಯೆಯನ್ನು ವರದಿಯಲ್ಲಿ ಬರೆದೆ. ತೊಲೊಮುಶ್ ಓದಿಸಿಕೊಳ್ಳದೆಯೇ ಸಹಿ ಮಾಡಿದ.

ಬುರ್ಮಾಕನ್ ಊಟಕ್ಕೆ ನಿಲ್ಲಲಿಲ್ಲ. ಕಾಗದವನ್ನು ಎದೆಯೊಳಗೆ ಸೇರಿಸಿ, ಮಗುವಿನ ಜೊತೆ ಅದೇ ವ್ಯಾನು ಹತ್ತಿದಳು. ಹೊಳೆಯ ನೀರು ಬಾಗಿಲಿನ ಮಟ್ಟಕ್ಕೆ ಬಂದಿತ್ತು. ವ್ಯಾನು ದಾಟಿತು.

ಗುರುವಾರ ಅಕ್ಮೂರ್‌ಳ ಹೃದಯದ ತೂತನ್ನು ಮುಚ್ಚಿದರು. ತಿಂಗಳ ಮೇಲೆ ಅಜ್ಜಿ ಮೊಮ್ಮಗಳು ವಾಪಸು ಬಂದರು. ಅಷ್ಟರಲ್ಲಿ ತೊಲೊಮುಶ್, ತನ್ನ ಒಂದು ಬೆರಳಿನಿಂದ ಒಂದು ಜೀವ ಉಳಿಯಿತು ಎಂದು ಮೂರು ಮದುವೆಯೂಟಗಳಲ್ಲಿ ಹೇಳಿ ಮುಗಿಸಿದ್ದ. ಅವರು ಬಂದ ಮಾರನೆಯ ದಿನವೇ ಕುಶಲ ವಿಚಾರಿಸಲು ಹೋದ. ಯಾರೂ ಹೇಳುವ ಮೊದಲೇ ಗೌರವದ ಜಾಗದಲ್ಲಿ ಕುಳಿತ. ಬುರ್ಮಾಕನ್ ಚಹಾ ಕೊಟ್ಟಳು, ರೊಟ್ಟಿ ಇಟ್ಟಳು. ಅವನು ಕುಡಿದು, ಕಾದ. ಇನ್ನೊಂದು ಬಟ್ಟಲು ಕುಡಿದ. ಒಲೆಯ ಕಡೆ ಕಣ್ಣು ಹಾಯಿಸಿದ.

"ಏನೋ ಕುದಿತಿರೋ ಹಾಗಿದೆ," ಎಂದ.

"ಮಗೂಗೆ ಸ್ನಾನ ಮಾಡಿಸ್ಬೇಕು," ಎಂದಳು ಬುರ್ಮಾಕನ್.

ಅವನು ಹೊತ್ತು ಮುಳುಗುವವರೆಗೆ ಕೂತಿದ್ದು ಹೋದನಂತೆ.