ಎಳೆದು ನೋಡುವ ಮೇಸ್ತ್ರಿ
ವೈರಿಂಗ್ ಮೇಸ್ತ್ರಿ ಕನೆಕ್ಟರ್ ಕೊಳ್ಳಲು ಬಂದರೆ ಅಂಗಡಿಯವನು ತನ್ನ ಕುರ್ಚಿಯನ್ನೇ ಅವರತ್ತ ತಳ್ಳುತ್ತಾನೆ; ಬೇಗ ಮುಗಿಯುವ ವ್ಯಾಪಾರವಲ್ಲವೆಂದು ಅವನಿಗೆ ಗೊತ್ತು. ಮೇಸ್ತ್ರಿ ಇಡೀ ಡಬ್ಬ ಸುರಿದು, ಒಂದೊಂದಕ್ಕೂ ವೈರಿನ ತುಂಡು ತೂರಿಸಿ, ಸ್ಕ್ರೂ ಬಿಗಿದು, ಎರಡೆರಡು ಸಲ ಎಳೆದು ನೋಡುತ್ತಾರೆ. “ಎಲ್ಲಾ ಒಂದೇ ಕಂಪನಿದು ಮೇಸ್ತ್ರಿ” ಎಂದರೆ, “ಒಂದೇ ತಾಯಿ ಮಕ್ಕಳೆಲ್ಲ ಒಂದೇ ಥರ ಇರ್ತಾರೇನಪ್ಪಾ?” ಎನ್ನುತ್ತಾರೆ. ಕನೆಕ್ಟರ್ ಹಾಕದೆ ವೈರಿನ ಜೋಡಣೆಗೆ ಬರೀ ಟೇಪು ಸುತ್ತಿ ಕೈತೊಳೆದುಕೊಳ್ಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ: “ಪಟ್ಟಿ ಕಟ್ಟಿದ್ರೆ ಗಾಯ ಕಾಣಲ್ಲ, ಅಷ್ಟೇ.” ಈ ಚಾಳಿ ವೈರಿಗೇ ನಿಂತಿಲ್ಲ. ಬಾಗಿಲ ಬೀಗ, ಬಸ್ಸಿನ ಕಂಬಿ, ಮಾತಿಗೆ ನಿಂತವರ ಅಂಗಿಯ ಗುಂಡಿ, ಯಾವುದನ್ನೂ ಎಳೆಯದೆ ನಂಬುವವರಲ್ಲ. ಗುಂಡಿ ಕೈಗೇ ಬಂದರೆ “ದಾರ ಸರಿಯಿಲ್ಲ” ಎಂದು ಹೊಲಿದವರನ್ನು ಬೈಯುತ್ತಾರೆ. ಹೆಂಡತಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ, ದಿನಾ ಕೆಲಸಕ್ಕೆ ಹೊರಡುವ ಮುಂಚೆ ಆ ಅಂಗೈಯಲ್ಲಿ ತಮ್ಮ ಬೆರಳಿಟ್ಟು, ಆಕೆಯ ಬೆರಳುಗಳನ್ನು ಮಡಿಸಿ, ಮೆಲ್ಲಗೆ ಎಳೆಯುತ್ತಾರೆ. ಏಳು ತಿಂಗಳು ಅವರ ಬೆರಳು ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿ ಬರುತ್ತಿತ್ತು. ಮೊನ್ನೆ ಬರಲಿಲ್ಲ. “ಹೊತ್ತಾಯ್ತು, ಹೊರಡಿ” ಎಂದರು ಆಕೆ. “ನೀನು ಬಿಟ್ರೆ ತಾನೆ” ಎಂದ ಮೇಸ್ತ್ರಿ, ಎರಡನೇ ಸಲ ಎಳೆದು ನೋಡಲಿಲ್ಲ.