ಒಳಗಿಳಿದವರಿಗೆ ಬೀಗದ ಕೈ

ನಾನು ರಶೀದಿ ಬರೆಯುತ್ತಿದ್ದ ಲಾಂಡ್ರಿಯಲ್ಲಿ ಸರ್ಕಾರ ದಿನಕ್ಕೆರಡು ಸಲ ಬೀಳುತ್ತಿತ್ತು. ಬೆಳಿಗ್ಗೆ ಹತ್ತರ ಚಹಾಕ್ಕೆ ಒಮ್ಮೆ, ಊಟದ ಬಿಡುವಿಗೆ ಇನ್ನೊಮ್ಮೆ. ಬೀಳಿಸುವವರು ಇಸ್ತ್ರಿ ವಿಭಾಗ ನೋಡಿಕೊಳ್ಳುತ್ತಿದ್ದ ಯಜಮಾನರ ಭಾವಮೈದುನ. ಬಿದ್ದದ್ದನ್ನು ಎತ್ತಿ, ಧೂಳು ಕೊಡವಿ, ಮತ್ತೆ ಕುರ್ಚಿಯ ಮೇಲೆ ಕೂರಿಸುವವರು ಸ್ವತಃ ಯಜಮಾನರು.

ಹಿಂದಿನ ಸರ್ಕಾರವಿದ್ದಾಗ ಮೈದುನರ ಪಕ್ಷದ ಮಂತ್ರಿಯೊಬ್ಬರು ಯಾವುದೋ ಕಾರ್ಖಾನೆಯವರ ವಿಮಾನದಲ್ಲಿ ಸಂಸಾರ ಸಮೇತ ಹಾರಾಡಿಕೊಂಡು ಬಂದಿದ್ದರು. "ದೇಶಾನೇ ಮಾರ್ಬಿಟ್ರು!" ಎಂದು ಯಜಮಾನರು ಮೇಜು ಕುಟ್ಟಿದ್ದರು. "ಸೀಟು ಖಾಲಿ ಇತ್ತು ಭಾವ, ಕೂತ್ರು. ಅದ್ರಲ್ಲೇನಿದೆ?" ಎಂದು ಮೈದುನರು ಚಹಾ ಹೀರಿದ್ದರು. ಚುನಾವಣೆ ಆಯಿತು, ಸರ್ಕಾರ ಬದಲಾಯಿತು. ಈಗ ಯಜಮಾನರ ಪಕ್ಷದ ಮಂತ್ರಿಯ ಹೆಂಡತಿಯ ಹೆಸರಿನಲ್ಲಿ ಹನ್ನೊಂದು ಕೋಣೆಗಳ ಬಂಗಲೆಯೊಂದು ಕಾಣಿಸಿಕೊಂಡಿತು. ಮೇಜು ಕುಟ್ಟಿದವರು ಮೈದುನರು. "ಯಾಕೆ, ಅವರ ಹೆಂಡ್ತಿಗೆ ತಲೆ ಮೇಲೆ ಸೂರು ಬೇಡ್ವೇನೋ?" ಎಂದು ಚಹಾ ಹೀರಿದವರು ಯಜಮಾನರು. ಸರ್ಕಾರ ವ್ಯಾಪಾರಸ್ಥರ ಮೇಲೆ ಹೇರುವ ನಿಯಮಗಳ ವಿಷಯದಲ್ಲೂ ಹೀಗೇ. ಯಾರ ಪಕ್ಷ ಗದ್ದುಗೆಯಲ್ಲಿದೆಯೋ ಅವರಿಗೆ ನಿಯಮವೆಂದರೆ ಶಿಸ್ತು, ಇನ್ನೊಬ್ಬರಿಗೆ ಕಾಟ. ಲಾಂಡ್ರಿಯಲ್ಲಿ ಕೂತು ನೋಡಿದವನಾಗಿ ಹೇಳುತ್ತೇನೆ: ಅಂಗಿಗಳು ಅವೇ, ತೊಟ್ಟವರು ಮಾತ್ರ ಅದಲುಬದಲಾಗಿದ್ದರು.

ಇಷ್ಟು ವರ್ಷಗಳ ವಾಗ್ಯುದ್ಧದಲ್ಲಿ ಇಬ್ಬರೂ ಒಪ್ಪುತ್ತಿದ್ದ ಸಂಗತಿ ಒಂದೇ. "ಯಾವನಾದ್ರೂ ಒಬ್ಬ ರಾಜಕಾರಣಿ ಎದ್ದು ನಿಂತು, 'ಹೌದಪ್ಪಾ, ನನ್ನಲ್ಲಿ ಐಬಿದೆ' ಅಂದಿದ್ದು ಕೇಳಿದೀಯಾ?" ಎಂದು ಒಬ್ಬರು ಕೇಳುವುದು, ಇನ್ನೊಬ್ಬರು ತಮ್ಮ ಪಕ್ಷದಲ್ಲಿ ಅಂಥವನನ್ನು ಹುಡುಕಿ, ಸಿಗದೆ, ಎದುರು ಪಕ್ಷದಲ್ಲೂ ಇಲ್ಲವೆಂದು ಸಮಾಧಾನಪಟ್ಟುಕೊಳ್ಳುವುದು.

ಈ ಗಲಾಟೆಗೆಲ್ಲ ಬೆನ್ನು ಹಾಕಿ, ಹಿಂದಿನ ಶೆಡ್ಡಿನಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ ಕೂತಿರುತ್ತಿದ್ದವನು ಬಾಯ್ಲರಣ್ಣ. ಅವನ ಎದುರಿಗೆ, ಸಣ್ಣ ಬಸ್ಸೊಂದನ್ನು ಚಕ್ರ ಕಳಚಿ ಮಲಗಿಸಿದ ಹಾಗೆ, ಲಾಂಡ್ರಿಯ ಬಾಯ್ಲರು. ಮೂರು ಆಸ್ಪತ್ರೆಗಳ ಹಾಸಿಗೆ ಹೊದಿಕೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಐದಾರು ಹೋಟೆಲುಗಳ ಟವೆಲ್ಲು ಎಲ್ಲವೂ ಬೇಯುತ್ತಿದ್ದುದು ಅದರ ಹಬೆಯಲ್ಲಿ. ಅವನು ಈ ಕೆಲಸಕ್ಕೆ ಬಂದು ಮೂವತ್ತೊಂದು ವರ್ಷ. ಮೊದಲು ಆ ಸ್ಟೂಲಿನ ಮೇಲೆ ಕೂರುತ್ತಿದ್ದವರು ಅವನ ಸೋದರಮಾವ. ಅಳಿಯನಿಗೆ ಅವರು ಮೊದಲ ವರ್ಷವೆಲ್ಲ ಕಲಿಸಿದ್ದು ಸುಮ್ಮನೆ ಕೂತು ಕೇಳಿಸಿಕೊಳ್ಳುವುದನ್ನಂತೆ. ನೀರು ಕುದಿಯುವ ಮೊದಲಿನ ಮಣಮಣ, ಹಬೆ ಏರುವಾಗಿನ ಗುಂಯ್, ಹೆಚ್ಚಾದ ಹಬೆಯನ್ನು ಹೊರಗೆ ಬಿಡುವ ಕವಾಟ ತೆರೆಯುವ ಮುಂಚಿನ ಒಂದು ಸಣ್ಣ ನಡುಕ. ಮಾಪಕದ ಮುಳ್ಳು ತೋರಿಸುವ ಮೊದಲೇ ಅವನು ಒತ್ತಡ ಎಷ್ಟೆಂದು ಹೇಳಿಬಿಡುತ್ತಿದ್ದ. ಮನೆಯಲ್ಲೂ ಕುಕ್ಕರ್ ಒಲೆಯ ಮೇಲಿದ್ದರೆ ಅವನು ಕೂರುತ್ತಿರಲಿಲ್ಲ. "ಮದುವೆಯಾಗಿ ಇಪ್ಪತ್ತೇಳು ವರ್ಷ ಆಯ್ತು, ನನ್ನ ಮುಖ ಅಷ್ಟು ಹೊತ್ತು ನೋಡಿಲ್ಲ ಈ ಮನುಷ್ಯ, ಕುಕ್ಕರ್ ಮುಖ ನೋಡ್ತಾರೆ" ಎಂದು ಅವನ ಹೆಂಡತಿ ನಮ್ಮೆದುರೇ ಹಂಗಿಸುತ್ತಿದ್ದಳು.

ವರ್ಷಕ್ಕೊಮ್ಮೆ ಬಾಯ್ಲರನ್ನು ಆರಿಸಿ, ತಣಿಸಿ, ನೀರು ಖಾಲಿ ಮಾಡಿ, ಮೇಲಿನ ಬಾಯಿ ತೆಗೆದು, ಸರ್ಕಾರದ ಇನ್ಸ್‌ಪೆಕ್ಟರು ಒಳಗಿಳಿದು ನೋಡಬೇಕೆಂಬುದು ಕಾನೂನು. ಅವರು ಸಣ್ಣ ಸುತ್ತಿಗೆಯಿಂದ ಒಳಗೋಡೆಯನ್ನು ಗೇಣುಗೇಣಿಗೂ ಬಡಿಯುತ್ತ ಹೋಗುತ್ತಾರೆ. ಗಟ್ಟಿ ಉಕ್ಕು ಗಂಟೆಯ ಹಾಗೆ ನುಡಿಯುತ್ತದೆ. ಸವೆದ ಜಾಗದಲ್ಲಿ ಸದ್ದು ಬೊದ್ದೆಂದು ಸಾಯುತ್ತದೆ. ಒಳಗೆ ಯಾರಾದರೂ ಇಳಿಯುವಾಗ ಬಾಯ್ಲರಣ್ಣ ಒಲೆಯ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಇಳಿಯುವವರ ಕೊರಳಿಗೇ ಹಾಕುತ್ತಿದ್ದ. ಅವರು ಹೊರಬಂದು ಅದನ್ನು ಕೈಯಾರೆ ಕೊಡುವ ತನಕ ಆ ಒಲೆಗೆ ಯಾರೂ ಬೆಂಕಿ ಇಡುವಂತಿಲ್ಲ. ಇದು ಸೋದರಮಾವನ ಕಾಲದ ಪದ್ಧತಿ.

ಆ ವರ್ಷ ಬಾಯ್ಲರು ತಣಿದು, ಬಾಯಿ ತೆರೆದುಕೊಂಡು, ನಾಲ್ಕು ದಿನ ಕಾದರೂ ಇನ್ಸ್‌ಪೆಕ್ಟರು ಬರಲಿಲ್ಲ. ಹಳಬರಿಗೆ ವರ್ಗವಾಗಿತ್ತು, ಹೊಸಬರು ಇನ್ನೂ ಸೇರಿರಲಿಲ್ಲ. ಆಸ್ಪತ್ರೆಯ ಬಟ್ಟೆ ಗಂಟುಗಂಟಾಗಿ ಚಾವಣಿ ಮುಟ್ಟಿತು. ಯಜಮಾನರು ಮಂತ್ರಿಗಳ ಆಪ್ತ ಸಹಾಯಕರಿಗೆ ಫೋನು ಮಾಡಿದರು. ಮಾರನೆಯ ದಿನವೇ ಮುದ್ರೆ ಒತ್ತಿದ ಪ್ರಮಾಣಪತ್ರ ಬಂದಿತು. "ಒಳಗಿಳಿದು ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ" ಎಂದು ಅದರಲ್ಲಿತ್ತು.

ಯಜಮಾನರು ಆ ಕಾಗದವನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಶೆಡ್ಡಿಗೆ ಬಂದರು. "ನೋಡ್ರಯ್ಯಾ! ಆಡಳಿತ ಅಂದ್ರೆ ಇದು."

"ಯಾರು ಇಳಿದ್ರು ಭಾವ? ಮಂತ್ರಿಗಳ ಹೆಂಡ್ತೀನಾ?" ಹಿಂದೆಯೇ ಬಂದ ಮೈದುನರು ಕೇಳಿದರು. "ಇದು ಅಪ್ಪಟ ಭ್ರಷ್ಟಾಚಾರ. ನಾನು ಪತ್ರಿಕೆಗೆ ಬರೀತೀನಿ."

"ನಿಮ್ಮೋರ ಕಾಲದಲ್ಲಿ ಇದೇ ಕಾಗದಕ್ಕೆ ಮೂರು ತಿಂಗಳು ಅಲೆಸಿದ್ರಲ್ಲ, ಆಗೆಲ್ಲಿ ಹೋಗಿತ್ತು ನಿನ್ನ ಪೆನ್ನು? ನಿಮ್ಮಕ್ಕನ ಮುಖ ನೋಡ್ಕೊಂಡು ಸುಮ್ನಿದೀನಿ."

"ಅಕ್ಕನ ಮುಖ ನೋಡ್ಕೊಂಡು ನಾನೂ ಸುಮ್ನಿದೀನಿ ಭಾವ. ಬರೆಯೋದು ನಾಳೆ ಬರೀತೀನಿ. ಈಗ ಬೆಂಕಿ ಹಾಕ್ಸಿ, ಆಸ್ಪತ್ರೆಯೋರು ನನ್ನ ತಲೆ ತಿಂತಿದಾರೆ."

ಹೀಗೆ ಒಬ್ಬರಿಗೆ ದಕ್ಷತೆಯಾಗಿಯೂ ಇನ್ನೊಬ್ಬರಿಗೆ ಭ್ರಷ್ಟಾಚಾರವಾಗಿಯೂ ಕಂಡ ಆ ಕಾಗದ ಕೊನೆಗೆ ಇಬ್ಬರನ್ನೂ ಒಂದೇ ಕಡೆ ತಂದು ನಿಲ್ಲಿಸಿತು. ಬೆಂಕಿ ಹಾಕಬೇಕು.

ಬಾಯ್ಲರಣ್ಣ ಕಾಗದ ತೆಗೆದುಕೊಂಡು, ನಿಯಮದ ಪ್ರಕಾರ ಗೋಡೆಯ ಮೊಳೆಗೆ ತೂಗುಹಾಕಿದ. ಮತ್ತೆ ಬಂದು ಸ್ಟೂಲಿನ ಮೇಲೆ ಕೂತ.

"ಕೂತ್ಯಲ್ಲೋ! ಹಚ್ಚು."

"ಕಾಗದ ಬಂತು ಯಜಮಾನ್ರೇ, ಸಾಹೇಬ್ರು ಬರ್ಲಿಲ್ಲ."

"ಒಳಗೆಲ್ಲ ಕೆರೆದು ತೊಳೆದೋನು ನೀನೇ ಅಲ್ವಾ? ಮೂವತ್ತು ವರ್ಷದ ಅನುಭವ. ನೀನು ಬಡಿದು ನೋಡಿದ್ರೆ ಸಾಕು ಬಿಡು."

"ಬಡಿದು ನೋಡ್ದೆ."

"ಹೆಂಗಿದೆ?"

"ಎಲ್ಲಾ ಚೆನ್ನಾಗೇ ಕೇಳ್ತು." ಬಾಯ್ಲರಣ್ಣ ಎದ್ದು ನಿಂತ. "ಅದೇ ತೊಂದರೆ. ಒಂದು ವರ್ಷದಿಂದ ನನ್ನ ಕಿವಿ ಮಂದ ಆಗಿದೆ. ನಂಗೆ ಈಗ ಎಲ್ಲಾ ಚೆನ್ನಾಗೇ ಕೇಳುತ್ತೆ. ನನ್ನ ಮಾತು ನಂಬ್ಬೇಡಿ."

ಶೆಡ್ಡಿನಲ್ಲಿ ಹತ್ತು ಹನ್ನೆರಡು ಜನ ಇದ್ದೆವು. ಆ ಮಾತಿಗೆ ಬೆಲೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಕಿವಿ ಮಂದವಾದವನಿಗೆ ಬಾಯ್ಲರಿನ ಮುಂದೆ ಸ್ಟೂಲಿಲ್ಲ. ಅವನ ಪ್ರಮಾಣಪತ್ರವೂ ಅದೇ ಗೋಡೆಯ ಮೇಲೆ, ಮಸಿ ಹಿಡಿದ ಗಾಜಿನ ಹಿಂದೆ, ತೂಗುತ್ತಿತ್ತು. ನಾವು ಪ್ರತಿದಿನ ಚಹಾದ ಹೊತ್ತಿಗೆ ರಾಜಧಾನಿಯಲ್ಲಿ ಹುಡುಕುತ್ತಿದ್ದ ಮನುಷ್ಯ ಎರಡು ಮಾರು ದೂರದಲ್ಲಿ, ಕೊರಳಿಗೆ ಟವೆಲು ಸುತ್ತಿಕೊಂಡು ನಿಂತಿದ್ದ.

ಯಜಮಾನರ ಮುಖ ಕೆಂಪಾಯಿತು. "ಒಂದು ವರ್ಷದಿಂದ ಕಿವುಡನ ಕೈಲಿ ನಮ್ಮೆಲ್ಲರ ಪ್ರಾಣ ಇಟ್ಟಿದ್ಯಾ? ನಾಳೆಯಿಂದ ನೀನು ಬರ್ಬೇಡ! ಬೀಗದ ಕೈ ಕೊಡು, ಬೇರೆಯವರು ಹಚ್ತಾರೆ."

"ಬರಲ್ಲ. ತಪ್ಪು ನಂದೇ, ಮೊದಲೇ ಹೇಳ್ಬೇಕಿತ್ತು. ಆದ್ರೆ ಬೀಗದ ಕೈ ಒಳಗಿಳಿದೋರಿಗೆ ಮಾತ್ರ ಯಜಮಾನ್ರೇ. ಯಾರಾದ್ರೂ ಆಗ್ಲಿ."

"ಇಳಿಯೋದೇನು ಮಹಾ!" ಎಂದರು ಯಜಮಾನರು.

"ಹಾಗಾದ್ರೆ ಇಳೀರಿ ಭಾವ. ಕಾಗದದಲ್ಲಿ ಆಗ್ಲೇ ಇಳಿದಾಗಿದೆ, ಮೈಯನ್ನೂ ಒಂದ್ಸಲ ಇಳಿಸಿಬಿಡಿ" ಎಂದರು ಮೈದುನರು.

ಅಷ್ಟು ಸಾಕಾಯಿತು. ಯಜಮಾನರು ಬೆಳ್ಳಗಿನ ಅಂಗಿಯಲ್ಲೇ ಕಬ್ಬಿಣದ ಏಣಿ ಹತ್ತಿದರು. ಬಾಯ್ಲರಣ್ಣ ಬೀಗದ ಕೈಯನ್ನು ಅವರ ಕೊರಳಿಗೆ ಹಾಕಿ, ಕೈಗೆ ಸುತ್ತಿಗೆಯನ್ನೂ ದೀಪವನ್ನೂ ಕೊಟ್ಟ. ಯಜಮಾನರ ಹೊಟ್ಟೆ ಬಾಯ್ಲರಿನ ಬಾಯಲ್ಲಿ ಒಂದು ಗಳಿಗೆ ಚರ್ಚೆ ಮಾಡಿ ಒಳಗೆ ಹೋಯಿತು. ಭಾವ ಒಳಗೆ ಏನು ನೋಡಿ ಏನು ಹೇಳಿಬಿಡುತ್ತಾರೋ ಎಂಬ ಅನುಮಾನದಿಂದ ಮೈದುನರೂ ಹಿಂದೆಯೇ ಇಳಿದರು.

ಹೊರಗೆ ನಿಂತ ನಮಗೆ ಮೊದಲು ಕೇಳಿದ್ದು ಜಗಳ. "ಸರಿಯಾಗಿ ಹಿಡಿಯೋ ದೀಪಾನ." "ನಿಮ್ಮ ಕಾಲು ನನ್ನ ಮೂಗಿನ ಮೇಲಿದೆ." ಆಮೇಲೆ ಮೊದಲ ಪೆಟ್ಟು.

ಮೂವತ್ತಕ್ಕೂ ಹೆಚ್ಚು ವರ್ಷ ಹಬೆ ಕುಡಿದ ಆ ಉಕ್ಕು ಹೇಗೆ ನುಡಿಯಿತೆಂದು ಹೇಗೆ ಹೇಳಲಿ? ಶೆಡ್ಡಿನ ತಗಡು, ನೆಲ, ನಮ್ಮ ಹಲ್ಲು ಎಲ್ಲವೂ ಒಮ್ಮೆ ಝುಂ ಎಂದವು. ಎರಡನೆಯ ಪೆಟ್ಟು, ಮೂರನೆಯದು. ಒಳಗೆ ಜಗಳ ತಾನಾಗಿ ನಿಂತಿತು. ಪೆಟ್ಟುಗಳು ನಿಧಾನವಾಗಿ ಹಿಂದಕ್ಕೆ ಸರಿಯುತ್ತ ಹೋದವು. ಬಾಯ್ಲರಣ್ಣ ಕಣ್ಣು ಮುಚ್ಚಿ ಎರಡೂ ಅಂಗೈಯನ್ನು ಅದರ ಮೈಗೆ ಒತ್ತಿ ನಿಂತಿದ್ದ.

"ಅಲ್ಲಿ!" ಎಂದಳು ಬಟ್ಟೆ ಮಡಿಸುವ ವಿಭಾಗದ ಅಕ್ಕ. ಅವಳು ಹಿಂದಿನ ತುದಿಯಲ್ಲಿ ಕಿವಿ ಆನಿಸಿ ನಿಂತಿದ್ದಳು. "ಈಗ ಹೊಡೆದ್ರಲ್ಲ, ಅಲ್ಲಿ. ಆ ಸದ್ದಿಗೆ ಜೀವ ಇಲ್ಲ."

ಒಳಗಿನಿಂದ ಮತ್ತೊಂದು ಪೆಟ್ಟು. ಈ ಸಲ ನಮಗೂ ಕೇಳಿತು. ಬೊದ್. ಒದ್ದೆ ಮರದ ಮೇಲೆ ಬಿದ್ದ ಹಾಗೆ.

ಬಹಳ ಹೊತ್ತಾದ ಮೇಲೆ ಇಬ್ಬರೂ ಹೊರಬಂದರು. ಯಾರು ಯಾವ ಪಕ್ಷವೆಂದು ಗುರುತು ಹಿಡಿಯಲಾಗದಷ್ಟು ಕಪ್ಪಾಗಿದ್ದರು. ಯಜಮಾನರ ಅಂಗೈಯಲ್ಲಿ ಉಕ್ಕಿನ ಒಂದು ಚಕ್ಕೆ ಇತ್ತು. ಸುತ್ತಿಗೆ ತಾಗಿದ್ದಕ್ಕೇ ಕಳಚಿ ಬಂದದ್ದು. ಮೈದುನರು ಅದನ್ನು ಎರಡು ಬೆರಳಲ್ಲಿ ಹಿಡಿದು ಮುರಿದರು. ಹಪ್ಪಳದಂತೆ ಮುರಿಯಿತು. ಅದರ ಹಿಂದೆಯೇ ಆಸ್ಪತ್ರೆಗಳ ಬಟ್ಟೆಗಾಗಿ ದಿನವಿಡೀ ನೀರು ಕುದಿಯಬೇಕಿತ್ತು; ಬೆಂಕಿ ಹಚ್ಚಿದ್ದರೆ ಆ ಜಾಗ ಸಿಡಿದು ನಾವು ಯಾರೂ ಉಳಿಯುತ್ತಿರಲಿಲ್ಲ.

"ಪತ್ರಿಕೆಗೆ ಬರೀತೀಯಾ?" ಯಜಮಾನರು ಮೆಲ್ಲಗೆ ಕೇಳಿದರು.

"ಇಬ್ರೂ ಸೇರಿ ಬರೆಯೋಣ ಭಾವ. ಹಚ್ಚು ಅಂದೋನು ನಾನೂ ಅಲ್ವಾ" ಎಂದರು ಮೈದುನರು.

ಬರೆದರು ಕೂಡ. ಕಾಗದ ರದ್ದಾಯಿತು, ಹೊಸ ಇನ್ಸ್‌ಪೆಕ್ಟರು ಬಂದರು, ಗೋಡೆಯ ಒಂದು ಭಾಗವನ್ನೇ ಕತ್ತರಿಸಿ ಹೊಸ ಉಕ್ಕು ಕೂರಿಸಿದರು. ಹತ್ತೊಂಬತ್ತು ದಿನ ಆಸ್ಪತ್ರೆಯ ಬಟ್ಟೆ ಬೇರೆಡೆ ಹೋಯಿತು. ಬಾಯ್ಲರಣ್ಣನನ್ನು ಬರಬೇಡ ಎಂದದ್ದನ್ನು ಯಜಮಾನರು ವಾಪಸು ತೆಗೆದುಕೊಳ್ಳಲು ಅವನ ಮನೆಗೇ ಹೋದರು. ಅವನು ಒಪ್ಪಲಿಲ್ಲ.

"ಕಿವಿ ವಾಪಸು ಬರಲ್ವಲ್ಲ ಯಜಮಾನ್ರೇ. ಬೇಕಾದ್ರೆ ಆ ಮಡಿಸೋ ಅಕ್ಕಂಗೆ ಕೆಲಸ ಕಲಿಸ್ತೀನಿ. ಅವಳು ಪರೀಕ್ಷೆ ಪಾಸಾಗೋ ತನಕ ಕಿವಿ ನೆಟ್ಟಗಿರೋನೊಬ್ಬನ್ನ ಇಟ್ಕೊಳಿ."

ಒಂದೂವರೆ ವರ್ಷ ಕಲಿಸಿದ. ಮೊದಲ ತಿಂಗಳುಗಳಲ್ಲಿ ಅವಳೂ ಸುಮ್ಮನೆ ಕೂತು ಕೇಳಿದ್ದೇ ಕೇಳಿದ್ದು. ಅವಳು ಪರೀಕ್ಷೆ ಪಾಸಾದ ವರ್ಷದ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು, ಬೂಟು ಬಿಚ್ಚಿಟ್ಟು ಇಳಿದರು, ಬಡಿದರು, ಹೊರಬಂದು "ಫಸ್ಟ್ ಕ್ಲಾಸ್" ಎಂದು ಸಹಿ ಹಾಕಲು ಪೆನ್ನು ತೆಗೆದರು. ಯಜಮಾನರು, ಮೈದುನರು, ನಾವೆಲ್ಲ ಅಂದು ನೋಡಿದ್ದು ಅವರ ಪೆನ್ನಿನ ಕಡೆಯಲ್ಲ, ಅವಳ ಕಡೆ.

"ಸಾರ್, ಬಲಗಡೆ ಕೆಳಗೆ ಒಂದು ಪೆಟ್ಟು ಯಾಕೋ ಸರಿ ಅನ್ನಿಸ್ಲಿಲ್ಲ" ಎಂದಳು ಅವಳು. "ಇನ್ನೊಂದ್ಸಲ ಇಳೀಬೇಕು."

ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿ ಬಾಯ್ಲರಣ್ಣನ ಕಡೆ ತಿರುಗಿದರು. "ಏನಪ್ಪಾ ಹಿರಿಯ, ನೀನೇನಂತೀಯ?"

ಅವನಿಗೆ ಪ್ರಶ್ನೆ ಪೂರ್ತಿ ಕೇಳಿಸಿತೋ ಇಲ್ಲವೋ. ಅವಳ ಮುಖವನ್ನೊಮ್ಮೆ ನೋಡಿದ. ಬಾಗಿ, ಇನ್ಸ್‌ಪೆಕ್ಟರು ಆಗಲೇ ಕಾಲಿಗೇರಿಸಿಕೊಂಡಿದ್ದ ಹೊಳೆಯುವ ಬೂಟುಗಳ ದಾರವನ್ನು ಮೆಲ್ಲಗೆ ಬಿಚ್ಚತೊಡಗಿದ.